ಹಾಸನಕ್ಕೆ ಹೊಸದಾಗಿ ಬಂದವರಿಗೆ: ಮಕ್ಕಳು, ಹಿರಿಯರ ಜೊತೆ ನಡೆದಾಡುವ ಜಾಗಗಳು

ಕಲಬುರಗಿ, ರಾಯಚೂರು, ಬೆಂಗಳೂರು ಕಡೆಯಿಂದ ವರ್ಗವಾಗಿ ಬಂದ ಕುಟುಂಬಗಳಿಗೆ ಮನೆ, ಶಾಲೆಯ ಓಡಾಟ ಮುಗಿದ ಮೇಲೆ ಬರುವ ಪ್ರಶ್ನೆ ಒಂದೇ. ಭಾನುವಾರ ಎಲ್ಲಿಗೆ ಹೋಗೋಣ? ಎಷ್ಟೋ ಜನ ಮೊದಲ ವಾರವೇ ಮುಳ್ಳಯ್ಯನಗಿರಿಗೆ ಹೊರಡುತ್ತಾರೆ. ರಜೆ ದಿನ ಅಲ್ಲಿ ನಡೆಯುವುದಕ್ಕಿಂತ ವಾಹನಗಳ ಸಾಲಿನಲ್ಲಿ ಕಾಯುವುದೇ ಜಾಸ್ತಿ. ಚಿಕ್ಕ ಮಕ್ಕಳಿದ್ದರೆ ಅದು ಆಮೇಲೆ ಇರಲಿ.

ಮೊದಲು ಒಂದು ವಿಷಯ ತಿಳಿದಿರಲಿ. ನಮ್ಮ ಜಿಲ್ಲೆಯಲ್ಲಿ ಮಲೆನಾಡೂ ಇದೆ, ಬಯಲುಸೀಮೆಯೂ ಇದೆ. ಸಕಲೇಶಪುರದಲ್ಲಿ ಜಡಿಮಳೆ ಹಿಡಿದಿರುವ ದಿನವೇ ಅರಸೀಕೆರೆಯಲ್ಲಿ ಬಿಸಿಲು ಕಾಯುತ್ತಿರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಪೂರ್ವಕ್ಕೆ ಹೋಗಿ, ಬೇಸಿಗೆಯಲ್ಲಿ ಪಶ್ಚಿಮಕ್ಕೆ ಹೋಗಿ. ಇಷ್ಟು ನೆನಪಿಟ್ಟರೆ ಅರ್ಧ ತೊಂದರೆ ಕಡಿಮೆ.

ಮೊದಲ ನಡಿಗೆಗೆ ನಾವು ಹೇಳುವ ಊರು ದೊಡ್ಡಗದ್ದವಳ್ಳಿ. ಬೇಲೂರು ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಒಳಗೆ ತಿರುಗಬೇಕು. ಕೆರೆಯ ಪಕ್ಕದಲ್ಲೇ ಲಕ್ಷ್ಮೀದೇವಿ ದೇವಸ್ಥಾನ. ಕುಲ್ಲಹಣ ರಾಹುತ ಎಂಬ ವರ್ತಕ, ಅವನ ಹೆಂಡತಿ ಸಹಜಾದೇವಿ ಸೇರಿ 1114ರ ಸುಮಾರಿಗೆ ಕಟ್ಟಿಸಿದ್ದು. ಬೇಲೂರಿನ ಚೆನ್ನಕೇಶವನಿಗಿಂತ ಹಳೆಯದು. ನಾಲ್ಕು ಗರ್ಭಗುಡಿಗಳಿವೆ. ಕಾಳಿಯ ಗುಡಿ ಬಾಗಿಲಲ್ಲಿ ಎಲುಬಿನ ಗೂಡಿನಂತಹ ಬೇತಾಳಗಳು ನಿಂತಿವೆ. ಮಕ್ಕಳು ಅಲ್ಲಿಂದ ಅಲುಗಾಡುವುದಿಲ್ಲ. ಒಳಗೆ ಕತ್ತಲು, ಒಂದು ಟಾರ್ಚ್ ಇರಲಿ. ದೇವಸ್ಥಾನ ನೋಡಿ ಕೆರೆ ದಂಡೆಯಲ್ಲಿ ನಿಧಾನಕ್ಕೆ ಓಡಾಡಿ. ನೆಲ ಸಮತಟ್ಟು, ಮೊಣಕಾಲು ನೋವಿನ ಅಜ್ಜಿಗೂ ಕಷ್ಟವಿಲ್ಲ. ಅಂಗಡಿ, ಹೋಟೆಲ್ ನಂಬಿಕೊಂಡು ಹೋಗಬೇಡಿ. ಬುತ್ತಿ ಕಟ್ಟಿಕೊಳ್ಳಿ, ಕಸ ವಾಪಸ್ ತನ್ನಿ.

ಹಳೇಬೀಡಿಗೆ ಎಲ್ಲರೂ ಹೋಗುತ್ತಾರೆ. ಆದರೆ ಹೊಯ್ಸಳೇಶ್ವರ ನೋಡಿ ಬಸ್ ಹತ್ತಿಬಿಡುತ್ತಾರೆ, ಇದೊಂದು ನಮಗೆ ಬೇಸರ. ಅಲ್ಲಿಂದ ಒಂದು ಕಿಲೋಮೀಟರ್ ಒಳಗೇ ಬಸದಿಹಳ್ಳಿಯ ಮೂರು ಜೈನ ಬಸದಿಗಳಿವೆ. ಪಾರ್ಶ್ವನಾಥ ಬಸದಿಯ ಕಂಬಗಳನ್ನು ಎಷ್ಟು ನಯ ಮಾಡಿದ್ದಾರೆ ಅಂದರೆ ಮುಖ ಕಾಣುತ್ತದೆ. ಇನ್ನೂ ಸ್ವಲ್ಪ ಮುಂದೆ ಕೇದಾರೇಶ್ವರ. ಅಲ್ಲಿ ಜನ ಕಡಿಮೆ, ಹುಲ್ಲುಹಾಸು ಇದೆ, ಮಕ್ಕಳು ಓಡಬಹುದು. ಮೂರೂ ಸೇರಿಸಿ ನಡೆದರೆ ಅರ್ಧ ದಿನ ಸಾಕು. ಬೇಲೂರು, ಹಳೇಬೀಡು ದೇವಾಲಯಗಳು 2023ರಲ್ಲಿ ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಶನಿವಾರ, ಭಾನುವಾರ ಹೊರಗಿನಿಂದ ತುಂಬಾ ಜನ ಬರುತ್ತಾರೆ. ನಾವು ಇಲ್ಲೇ ಇರುವವರು. ಬೆಳಗ್ಗೆ ಬೇಗ ಹೊರಡಬಹುದು ಅಲ್ವಾ?

ಮಳೆಗಾಲಕ್ಕೆ ಶ್ರವಣಬೆಳಗೊಳ ಒಳ್ಳೆಯದು. ವಿಂಧ್ಯಗಿರಿಯನ್ನು ಬರಿಗಾಲಲ್ಲೇ ಹತ್ತಬೇಕು. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಎಲ್ಲವೂ ಬಂಡೆಯಲ್ಲೇ ಕಡಿದದ್ದು. ಬೇಸಿಗೆ ಮಧ್ಯಾಹ್ನ ಪಾದ ಸುಡುತ್ತದೆ. ಮೋಡ ಕವಿದ ದಿನ ಆರಾಮ. ಹನಿ ಬಿದ್ದರೆ ಮಾತ್ರ ಬಂಡೆ ಜಾರುತ್ತದೆ, ಕಂಬಿ ಹಿಡಿದು ಇಳಿಯಿರಿ. ಅಷ್ಟು ಹತ್ತಲು ಆಗದವರಿಗೆ ಎದುರಿನ ಚಂದ್ರಗಿರಿ ಇದೆ. ಅದು ಚಿಕ್ಕ ಬೆಟ್ಟ, ಅಲ್ಲಿಂದಲೂ ಗೊಮ್ಮಟನ ತಲೆ, ಹೆಗಲು ಕಾಣುತ್ತದೆ.

ಮಳೆಗಾಲದಲ್ಲಿ ನೀರಲ್ಲಿ ಮುಳುಗುವ, ಪಾಳುಬಿದ್ದ ಶೆಟ್ಟಿಹಳ್ಳಿ ಚರ್ಚ್‌ಗೆ ಬೇಸಿಗೆಯಲ್ಲಿ ಹೋಗಿ. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರು ಇಳಿದಾಗ ಹತ್ತಿರದ ತನಕ ನಡೆಯಬಹುದು. ಗೋಡೆಗಳು ಶಿಥಿಲವಾಗಿವೆ, ಅವುಗಳ ಕೆಳಗೆ ನಿಂತು ಫೋಟೋ ಬೇಡ. ನೀರಿಗೆ ಮಕ್ಕಳನ್ನು ಬಿಡಲೇಬೇಡಿ. ಮೇಲೆ ಒಣಗಿದ ಹಾಗೆ ಕಂಡರೂ ಅಂಚಿನಲ್ಲಿ ಕೆಸರು ಹೂತುಕೊಳ್ಳುತ್ತದೆ.

ಸಕಲೇಶಪುರದ ಹತ್ತಿರ ಮಂಜರಾಬಾದ್ ಕೋಟೆ ಇದೆ. ಟಿಪ್ಪು ಸುಲ್ತಾನ್ ಕಾಲದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಮಂಗಳೂರು ಹೆದ್ದಾರಿಯಿಂದ ಮೆಟ್ಟಿಲು ಹತ್ತಿದರೆ ಆಯಿತು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ. ಆಗ ಈ ದಾರಿಯೆಲ್ಲ ಮಲ್ಲಿಗೆಯಂತಹ ಘಮ. ಆ ವಾರ ತಪ್ಪಿಸಿಕೊಳ್ಳಬೇಡಿ. ಆದರೆ ತೋಟಗಳು ಖಾಸಗಿ ಜಾಗ. ಬೇಲಿ ಇಲ್ಲದಿದ್ದರೂ ಕೇಳದೆ ಒಳಗೆ ಹೋಗಬಾರದು.

ಆನೆ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳು ತೋಟದಿಂದ ತೋಟಕ್ಕೆ ಓಡಾಡುತ್ತವೆ. ಜನ ಸತ್ತಿದ್ದಾರೆ. ಆ ಕಡೆ ನಡೆಯುವ ಮುಂಚೆ ಊರಿನವರನ್ನು "ಆನೆ ಯಾವ ಕಡೆ ಇದೆ?" ಅಂತ ಕೇಳಿ. ಅರಣ್ಯ ಇಲಾಖೆಯ ಎಚ್ಚರಿಕೆ ಸಂದೇಶಗಳನ್ನೂ ಗಮನಿಸಿ. ಮುಂಜಾನೆಯ ಮಬ್ಬಿನಲ್ಲಿ, ಸಂಜೆ ಕತ್ತಲಾದ ಮೇಲೆ ತೋಟದ ದಾರಿ ಬೇಡ.

ಜಿಗಣೆ ಬಯಲುಸೀಮೆಯವರಿಗೆ ಹೊಸದು. ಹೆದರಬೇಕಿಲ್ಲ. ಸುಮ್ನೆ ಕಿತ್ತೆಳೆಯಬೇಡಿ, ಉಪ್ಪು ಹಾಕಿದರೆ ತಾನೇ ಬಿಡುತ್ತದೆ. ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿಕೊಂಡರೆ ಹತ್ತುವುದೇ ಕಡಿಮೆ.

ದೋಣಿಗಾಲ್‌ನಿಂದ ಎಡಕುಮೇರಿ ಕಡೆಗೆ ಸಕಲೇಶಪುರ ಘಾಟಿಯ ರೈಲು ಹಳಿ ಮೇಲೆ ನಡೆಯಬಹುದಾ ಅಂತ ಕೆಲವರು ಕೇಳುತ್ತಾರೆ. ಬೇಡ. ಅದು ಕಾನೂನಿಗೆ ವಿರುದ್ಧ, ಸುರಂಗದಲ್ಲಿ ರೈಲು ಬಂದರೆ ಸರಿಯಲು ಜಾಗ ಸಿಗುವುದಿಲ್ಲ. ಅದೇ ಘಾಟಿಯನ್ನು ಹಗಲಿನ ಮಂಗಳೂರು ರೈಲಿನಲ್ಲಿ ಕುಳಿತು ನೋಡಿ.

ಬೇಲೂರು, ಹಳೇಬೀಡು, ಸಕಲೇಶಪುರಕ್ಕೆ ಹಾಸನದಿಂದ ಸರ್ಕಾರಿ ಬಸ್ ಇದೆ. ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್‌ನಲ್ಲಿ ಟಿಕೆಟ್ ಉಚಿತ, ಆಧಾರ್ ಕಾರ್ಡ್ ಜೊತೆಗಿರಲಿ. ಹಳ್ಳಿ ಕಡೆ ಇಳಿದ ಕೂಡಲೇ ವಾಪಸ್ ಬಸ್ ಎಷ್ಟು ಹೊತ್ತಿಗೆ ಅಂತ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ.