ರೋಟಿಫರ್ ತಳ ಸೇರುವುದು ನಿಂತದ್ದು ಹೀಗೆ

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಕಡಲಿನ ಕ್ಲೌನ್ ಮೀನಿನ ಮರಿ ಸಾಕುವಾಗ ಬಹಳ ಕಾಡಿದ ತೊಂದರೆ ಇದು: ಆಹಾರವಾಗಿ ಹಾಕಿದ ರೋಟಿಫರ್‌ಗಳು (ಅತಿ ಸಣ್ಣ ಜಲಜೀವಿಗಳು) ಈಜದೆ ತಳ ಸೇರುತ್ತಿದ್ದವು, ಮರಿಗಳು ಹಸಿವಿನಿಂದಲೇ ಸಾಯುತ್ತಿದ್ದವು.

ರೋಟಿಫರ್ ಬೆಳೆಸುವ ಡಬ್ಬಿಯಲ್ಲಿ ಲವಣಾಂಶ ಸಾವಿರಕ್ಕೆ 20 ಭಾಗ, ಮರಿಗಳ ತೊಟ್ಟಿಯಲ್ಲಿ 35. ಇಷ್ಟು ದೊಡ್ಡ ಅಂತರವನ್ನು ಒಮ್ಮೆಲೇ ದಾಟಿಸಿದರೆ ಆ ಸೂಕ್ಷ್ಮಜೀವಿಗಳು ಸ್ತಬ್ಧವಾಗುತ್ತವೆ. ಎಳೆಯ ಮರಿಗಳಿಗೋ, ಕಣ್ಣೆದುರು ಚಲಿಸುವುದೇ ಆಹಾರ. ಹಾಗಾಗಿ ಎರಡನ್ನೂ 28ರ ಆಸುಪಾಸಿಗೆ ತಂದೆ. ಡಬ್ಬಿಯದನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿದೆ. ತೊಟ್ಟಿಗೆ ಗಾಳಿಕೊಳವೆಯಲ್ಲಿ ಸಡಿಲ ಗಂಟು ಹಾಕಿ ಶುದ್ಧೀಕರಿಸಿದ ಸಿಹಿನೀರನ್ನು ಹನಿಹನಿಯಾಗಿ ಬಿಟ್ಟೆ. ಮೀನಿನ ದೇಹದ್ರವದ ಲವಣ ಕಡಲನೀರಿನ ಸುಮಾರು ಮೂರನೇ ಒಂದು ಭಾಗದಷ್ಟೇ ಇರುವುದರಿಂದ, ಈ ಇಳಿಕೆ ಮರಿಗಳಿಗೂ ಹಗುರ. ಮರುದಿನವೇ ಟಾರ್ಚ್ ಬೆಳಕಿನಲ್ಲಿ ತುಂಬಿದ ಹೊಟ್ಟೆಗಳು ಕಂಡವು. ಎಂಥ ಸಂತೋಷ!

ನಮ್ಮ ಮಳೆಗಾಲದಲ್ಲಿ ಅಕ್ವೇರಿಯಂ ಉಪ್ಪು ತೇವ ಹೀರಿ ಭಾರವಾಗುತ್ತದೆ. ತೂಗಿ ಬೆರೆಸಿದರೆ ನೀರು ಸಪ್ಪೆಯಾಗುತ್ತದೆ. ಆದ್ದರಿಂದ ಪ್ರತಿ ಸಲವೂ ಲವಣಾಂಶ ತೋರಿಸುವ ರಿಫ್ರಾಕ್ಟೋಮೀಟರ್‌ನಲ್ಲಿ ಅಳೆದೇ ಬಳಸುತ್ತೇನೆ. ಅದನ್ನು ಸರಿಹೊಂದಿಸುವುದು 35ರ ಪ್ರಮಾಣಿತ ದ್ರಾವಣದಿಂದ. ಬಟ್ಟಿ ಇಳಿಸಿದ ನೀರಿಗೆ ಸೊನ್ನೆ ತೋರಿಸಿದರಷ್ಟೇ ಸಾಲದು. ಬೇಸಿಗೆಯಲ್ಲಿ ಆವಿಯಾದಷ್ಟು ಸಿಹಿನೀರನ್ನೇ ತುಂಬಬೇಕು, ಉಪ್ಪುನೀರನ್ನಲ್ಲ.