ಚಿನ್ನ ಹಿಡಿಯದ ತಾರೆ

ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನ ಒಂದು ಮ್ಯೂಸಿಯಂನಲ್ಲಿ ಬೌದ್ಧರ ದೇವತೆ ಹಸಿರು ತಾರೆಯ ಮೂರ್ತಿಯ ಮುಂದೆ ಅರ್ಧ ದಿನ ನಿಂತಿದ್ದೆ. ಹೆಸರಿಗಷ್ಟೇ ಹಸಿರು, ಮೈಯೆಲ್ಲ ಚಿನ್ನ. ಅದನ್ನು ಮಾಡಿದ ಜನಾಬಜಾರ್ (1635–1723) ಮಂಗೋಲರ ಧರ್ಮಗುರು, ಜೊತೆಗೆ ಶಿಲ್ಪಿ. ನಮ್ಮ ಸಂಸ್ಕೃತದ 'ಜ್ಞಾನವಜ್ರ'ವೇ ಅಲ್ಲಿನವರ ಬಾಯಲ್ಲಿ ಹೀಗಾಗಿದೆ! ಎರಕ ಗೊತ್ತಿತ್ತಲ್ಲ, ಗೇಣುದ್ದದ ತಾರೆ ಮಾಡೋಣ ಅನಿಸಿತು.

ಮುಖ ಕಷ್ಟ ಅಂದುಕೊಂಡಿದ್ದೆ. ಬೆವರಿಳಿಸಿದ್ದು ಪೀಠ. ಜನಾಬಜಾರ್ ಮಾಡಿದ ಎಷ್ಟೋ ಪೀಠಗಳು ಡೋಲಿನ ಹಾಗೆ ದುಂಡಗೆ, ಎತ್ತರವಾಗಿವೆ. ನಾನೂ ಮೈ ಬೇರೆ, ಪೀಠ ಬೇರೆ ಎರಕ ಹೊಯ್ಯಲು ಹೊರಟೆ. ಮೊದಲು ಮೇಣದಲ್ಲಿ ಮಾದರಿ ಮಾಡಿ, ಅದಕ್ಕೆ ಮಣ್ಣಿನ ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆದ ಜಾಗಕ್ಕೆ ಲೋಹ ಹೊಯ್ಯಬೇಕು. ಪೀಠದ ಮಾದರಿಗೆ ಮೇಣದ ತಾವರೆ ಎಸಳುಗಳನ್ನು ಒಂದೊಂದಾಗಿ ಅಂಟಿಸುತ್ತಾ ಸುತ್ತು ಬಂದೆ. ಕೊನೆಯ ಎಸಳಿಗೆ ಅರ್ಧ ಬೆರಳಿನಷ್ಟೂ ಜಾಗ ಉಳಿದಿರಲಿಲ್ಲ. ಎಲ್ಲ ಕಿತ್ತು ಅಳತೆ ಹಾಕಿ ಮತ್ತೆ ಅಂಟಿಸಿದೆ.

ಎರಕ ಚೆನ್ನಾಗೇ ಬಂತು. ಚಿನ್ನದ ಲೇಪಕ್ಕೆ ನೇಪಾಳದ ಪಾಟನ್‌ಗೆ ಒಯ್ದೆ. ಅಲ್ಲಿ ಪಾದರಸದಲ್ಲಿ ಚಿನ್ನ ಕರಗಿಸಿ, ಬೆಣ್ಣೆ ಥರ ಮಾಡಿ, ಮೂರ್ತಿಗೆ ಹಚ್ಚಿ ಕಾಯಿಸುತ್ತಾರೆ. ಪಾದರಸ ಹೊಗೆಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಆ ಹೊಗೆ ವಿಷ. ಮನೆಯಲ್ಲಿ ಸುಮ್ನೆ ಪ್ರಯೋಗ ಮಾಡಬೇಡಿ.

ನನ್ನ ತಾರೆಯ ಮೊಣಕಾಲ ಮೇಲೆ, ಕೆನ್ನೆಯ ಮೇಲೆ ಕಪ್ಪು ಕಲೆ ಎದ್ದವು. "ಲೋಹಕ್ಕೆ ಸೀಸ ಹಾಕಿದ್ದೀಯಾ?" ಅಂದರು ಪಾಟನ್‌ನ ಗುರುಗಳು. ಹಾಕಿದ್ದೆ. ಸೀಸ ಇದ್ದರೆ ಲೋಹ ಸಲೀಸಾಗಿ ಹರಿಯುತ್ತದೆ, ಆದರೆ ಚಿನ್ನ ಸರಿಯಾಗಿ ಹಿಡಿಯುವುದಿಲ್ಲ.

ಎರಡನೇ ಸಲ ಬರೀ ತಾಮ್ರ. ಅದು ಕರಗಲು 1085 ಡಿಗ್ರಿ ಬೇಕು, ಹರಿಯುವುದಕ್ಕೂ ಮೊಂಡು. ಸಗಣಿ ಬೆರೆಸಿದ ಮಣ್ಣಿನ ಅಚ್ಚು ಒಡೆದು ನೋಡಿದರೆ ಎಡಗೈಯ ಒಂದು ಬೆರಳಿಗೆ ತುದಿಯೇ ಇಲ್ಲ. ಬೇರೆ ತುಂಡು ಬೆಸೆದು ಅರದಿಂದ ಉಜ್ಜಿದೆ.

ಈ ಸಲ ಚಿನ್ನ ಹಿಡಿಯಿತು. ಕಾಯಿಸಿದ ಮೇಲೆ ಮಂಕಾಗಿ, ಕಡಲೆಹಿಟ್ಟು ಮೆತ್ತಿದ ಹಾಗಿತ್ತು. ಅಗೇಟ್ ಕಲ್ಲಿನಿಂದ ಎರಡು ದಿನ ತಿಕ್ಕಿದ ಮೇಲೆ ಹೊಳಪು ಬಂತು. ಕೂದಲಿಗೆ ನೀಲಿ ಬಣ್ಣ ಹಚ್ಚಿದೆ.

ಮೂರ್ತಿಯ ಹೊಟ್ಟೆ ಇನ್ನೂ ಖಾಲಿ. ತಳ ಮುಚ್ಚಲು ತಾಮ್ರದ ತಗಡಿನ ಮೇಲೆ ಜೋಡಿವಜ್ರ (ಅಡ್ಡಡ್ಡ ಕೂಡಿದ ಎರಡು ವಜ್ರಾಯುಧಗಳ ಚಿಹ್ನೆ) ಕೊರೆದಿಟ್ಟಿದ್ದೇನೆ. ಒಳಗೆ ಮಂತ್ರದ ಸುರುಳಿ ಇಡಿಸಲು ಮುಂದಿನ ತಿಂಗಳು ಟಿಬೆಟನ್ನರ ಮಠಗಳಿರುವ ಬೈಲಕುಪ್ಪೆಗೆ ಹೋಗಬೇಕು.