ಪತ್ತೇದಾರಿ ಕಾದಂಬರಿಯನ್ನು ಎರಡನೇ ಸಲ ಓದುವುದು ಹೇಗೆ

ಮೊದಲ ಸಲ ಕೊಲೆಗಾರ ಯಾರು ಅಂತ ತಿಳಿಯಲು ಓದಿ, ಆ ಮಜಾ ಬಿಡಬೇಡಿ. ಎರಡನೇ ಸಲ ಕೈಯಲ್ಲಿ ಪೆನ್ಸಿಲ್ ಇರಲಿ. 1890ರಲ್ಲಿ ಬಂದ ಕಾನನ್ ಡಾಯ್ಲ್ ಅವರ 'ದಿ ಸೈನ್ ಆಫ್ ಫೋರ್' ತೆಗೆದುಕೊಳ್ಳಿ, ಆಗ್ರಾ ಕೋಟೆಯಲ್ಲಿ ಕದ್ದ ನಿಧಿಯೊಂದರ ಬೆನ್ನು ಹತ್ತುವ ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಕಥೆ ಅದು.

ಮೊದಲು ಯಾರಿಗೆ ಮಾತು ಸಿಕ್ಕಿದೆ ನೋಡಿ. ಅಂಡಮಾನಿನ ಆದಿವಾಸಿ ಟೋಂಗಾನ ಬಾಯಲ್ಲಿ ಬಂದ ಮಾತು ಹುಡುಕಿ, ಸಿಗುವುದಿಲ್ಲ. ಅವನು ಕಾಣಿಸುವ ಮೊದಲೇ ಹೋಮ್ಸ್ ಒಂದು ಗ್ಯಾಸೆಟಿಯರ್ (ಊರು, ನಾಡುಗಳ ವಿವರ ಕೊಡುವ ಪುಸ್ತಕ) ತೆಗೆದು ಆ ಜನ ಎಷ್ಟು ಕ್ರೂರಿಗಳು ಅಂತ ಓದಿ ಹೇಳುತ್ತಾನೆ, ಹಾಗಾಗಿ ಥೇಮ್ಸ್ ನದಿಯಲ್ಲಿ ಅವನಿಗೆ ಗುಂಡು ಬಿದ್ದಾಗ ನಮಗೆ ಅಯ್ಯೋ ಅನ್ನಿಸುವುದೇ ಇಲ್ಲ. ಅವನು ನಂಬಿಕಸ್ಥ ಗೆಳೆಯನಾಗಿದ್ದ ಅಂತ ಹೇಳುವವನು ನಿಧಿ ಕದ್ದವರಲ್ಲಿ ಒಬ್ಬನಾದ, ಅವನ ಜೊತೆಗಾರ ಜೊನಾಥನ್ ಸ್ಮಾಲ್ ಒಬ್ಬನೇ, ಅದೂ ಕೊನೆಯಲ್ಲಿ. ಆ ಸಾಲಿಗೆ ತಪ್ಪದೆ ಗೆರೆ ಎಳೆಯಿರಿ.

ಆಮೇಲೆ ಹೆಸರುಗಳು. ಆಗ್ರಾ ಕೋಟೆಯ ಸಿಖ್ ಸಿಪಾಯಿಯೊಬ್ಬನ ಹೆಸರು ಅಬ್ದುಲ್ಲಾ ಖಾನ್! ಇಲ್ಲಿ ನಾವು ಥಟ್ಟನೆ ನಿಲ್ಲುತ್ತೇವೆ, ಅಲ್ವಾ? ಲಂಡನ್ನಿನ ಓದುಗರು ನಿಲ್ಲಲಿಕ್ಕಿಲ್ಲ ಅನ್ನುವ ಧೈರ್ಯದಲ್ಲಿ ಬರೆದದ್ದು ಅಂತ ನನಗನ್ನಿಸುತ್ತದೆ.

ದುಡ್ಡನ್ನೂ ಲೆಕ್ಕ ಹಾಕಿ. ಹೋಮ್ಸ್‌ಗಾಗಿ ಹುಡುಕಾಟ ಮಾಡುವ ಬೀದಿ ಹುಡುಗರಿಗೆ ತಲೆಗೊಂದು ಶಿಲ್ಲಿಂಗ್ ಕೂಲಿ. ನಿಧಿಯಲ್ಲಿ ಪಾಲು ಸಿಗಬೇಕಾದ ಮೇರಿ ಮೋರ್ಸ್ಟನ್ ಶ್ರೀಮಂತೆಯಾಗುತ್ತಾಳೆ ಅನ್ನುವಷ್ಟು ದಿನ ಹೋಮ್ಸ್‌ನ ಗೆಳೆಯ ವಾಟ್ಸನ್ ಬಾಯಿ ಬಿಡುವುದಿಲ್ಲ, ನಿಧಿ ನದಿಪಾಲಾದ ಮೇಲೆ ಪ್ರೀತಿ ಹೇಳುತ್ತಾನೆ. ಹೆಂಗಸರನ್ನು ಪೂರ್ತಿ ನಂಬಬಾರದು ಅನ್ನುವ ಹೋಮ್ಸ್‌ಗೆ ಮೊದಲ ಸುಳಿವುಗಳನ್ನೆಲ್ಲ ಜೋಪಾನವಾಗಿ ತಂದುಕೊಟ್ಟವಳು ಇದೇ ಮೇರಿ.

ಇನ್ನು ನಿಮ್ಮ ಕಪಾಟಿನ ಕನ್ನಡ ಪತ್ತೇದಾರಿ ಒಂದನ್ನು ತೆಗೆಯಿರಿ. ಮನೆಗೆಲಸದವರ ಮೇಲೆ ಅನುಮಾನ ಎಷ್ಟನೇ ಪುಟದಲ್ಲಿ ಬರುತ್ತದೆ, ಅವರಿಗೆ ಹೆಸರಾದರೂ ಇದೆಯಾ, ಅಂಚಿನಲ್ಲಿ ಬರೆದಿಡಿ.